ಅಂಟು ಆರದ ಮನೆ

ಮಂಡಿ ಮೊಹಲ್ಲಾದಲ್ಲಿ ಬೀಟೆಯ ಹಲಗೆಗೆ
ಹಲಸು, ಹೊನ್ನೆ, ದೂಪದ ಚಕ್ಕೆ ಕೂರಿಸುವವನು ನಾನು.
ಆನೆ, ನವಿಲು, ಮತ್ತೆ ಆನೆ. ಮೂವತ್ತೆಂಟು ವರ್ಷ.
ಪಿಯಾನೊ ನನ್ನ ಕಸುಬಲ್ಲ ಅಂತ ಮೊದಲೇ ಹೇಳಿದ್ದೆ.

"ಬೆಂಗಳೂರಿನವನು ಕೈ ಕೊಟ್ಟ ಆಚಾರ್ರೇ,
ಸಂಜೆ ಏಳಕ್ಕೆ ಪ್ರೋಗ್ರಾಂ, ಬಂದು ನೋಡಿ" ಅಂದರು
ನಜರಬಾದಿನ ಹಳೇ ಹಾಲಿನ ಮ್ಯಾನೇಜರು.
ಮುಚ್ಚಳ ಎತ್ತಿದರೆ ಒಳಗೆ ಗೆದ್ದಲಿನ ಸಂಸಾರ.
ನಾಲ್ಕು ಸುತ್ತಿಗೆ ಮುರಿದಿದ್ದವು, ಬೆರಳುದ್ದದವು,
ಯಾರೋ ಮಗುವಿನ ಆಟಕ್ಕೆ ಮಾಡಿಕೊಟ್ಟಂಥವು.
ಮೇಲಿನ ಬಿಳಿ ಮನೆಗಳು ಹಳೇ ದಂತ. ಕೈ ತಾಗಿದ್ದೇ
ನನ್ನಜ್ಜ ನೆನಪಾದ. ಅವನ ಉಗುರಲ್ಲಿ
ಸಾಯೋತನಕ ದಂತದ ಪುಡಿ ಇತ್ತು.

ಮೂರು ಸುತ್ತಿಗೆ ಹೊಂದಿಸಿದೆ. ನಾಲ್ಕನೆಯದಕ್ಕೆ
ಅಂಟು ಹಾಕುವಾಗ ಗಂಟೆ ಐದೂವರೆ.
ಹಿಲ್ಡಾ ರೆಬೆಲ್ಲೋ ಬಂದರು: ಹತ್ತಿ ಸೀರೆ, ಕೈಯಲ್ಲಿ ಕೊಡೆ,
ಪರೀಕ್ಷೆ ಪೇಪರು ತಿದ್ದಿ ಬಸ್ಸಿಳಿದ ಟೀಚರಮ್ಮ ಅನ್ನಬೇಕು.
"ಮೇಡಂ, ಈ ಒಂದು ಮನೆ ಮುಟ್ಟಬೇಡಿ,
ಬೆಳಗಾಗಬೇಕು ಅಂಟು ಆರೋದಕ್ಕೆ."
ಆಕೆ ಅದರ ಮೇಲೆ ಬೆರಳಿಟ್ಟರು, ಒತ್ತಲಿಲ್ಲ,
ಮಗುವಿನ ಹಣೆ ಮುಟ್ಟಿ ಜ್ವರ ನೋಡಿದಂತೆ.
"ಸರಿ" ಅಂದರು. ಅಷ್ಟೇ.

ಏಳೂ ಹತ್ತಕ್ಕೆ ಶುರು. ಅರ್ಧ ಕುರ್ಚಿ ಖಾಲಿ.
ಮದುವೆ ಆರ್ಕೆಸ್ಟ್ರಾದಲ್ಲಿ ಡ್ರಮ್ ಹೊಡೆಯೋ ಹುಡುಗ,
ಆಳೆತ್ತರದ ಪಿಟೀಲನ್ನು ತಬ್ಬಿಕೊಂಡ ಒಬ್ಬ ಗಡ್ಡದವನು.
ಆಕೆ ಚಪ್ಪಲಿ ಬಿಟ್ಟು ಬರಿಗಾಲನ್ನು ಪೆಡಲಿನ ಮೇಲಿಟ್ಟರು.

ಜಾಝ್ ಅಂದರೆ ನನಗೇನು ಗೊತ್ತು?
ನಾನು ಮೊದಲು ಗೆರೆ ಬರೆದು ಆಮೇಲೆ ಕೊರೆಯುವವನು;
ಒಂದು ಕೂದಲು ತಪ್ಪಿದರೂ ಹಲಗೆ ಒಲೆಗೆ.
ಈಯಮ್ಮ ಕೊರೆಯುತ್ತಾ ಕೊರೆಯುತ್ತಾ ಗೆರೆ ಬರೆಯುತ್ತಾರೆ!
ತಪ್ಪಿತು ಅಂದುಕೊಂಡೆ. ಆ ತಪ್ಪನ್ನೇ ಇನ್ನೊಂದು ಸಲ ಬಾರಿಸಿ,
ಮೂರನೇ ಸಲ ಅದಕ್ಕೊಂದು ಬಾಲ ಹಚ್ಚಿ,
ನೋಡನೋಡುತ್ತ ನವಿಲು ಮಾಡಿಬಿಟ್ಟರು.
ಎಡಗೈ ತನ್ನ ಪಾಡಿಗೆ ಸೊಪ್ಪು ಸೋಸುತ್ತಿತ್ತು,
ಬಲಗೈಗೆ ಮಾತ್ರ ಏನೋ ಕಳೆದುಹೋಗಿ
ಮನೆಯೆಲ್ಲ ಹುಡುಕುವ ಗಡಿಬಿಡಿ.
ಡ್ರಮ್ಮಿನ ಹುಡುಗ ಒಮ್ಮೆ ದಾರಿ ತಪ್ಪಿದ. ಆಕೆ ನಕ್ಕು
ಅವನು ನಿಂತಲ್ಲಿಗೇ ಹೋಗಿ ಕರಕೊಂಡು ಬಂದರು.

ಆದರೆ ನಾನು ಕೇಳುತ್ತಿದ್ದದ್ದು ಬೇರೆ.
ಆ ಒಂದು ಮನೆ.
ಇಡೀ ಹಾಲಿನಲ್ಲಿ ಇಬ್ಬರಿಗೇ ಗೊತ್ತು ಅದರ ಗುಟ್ಟು.
ಓಡುತ್ತ ಬರುವ ಸ್ವರ ಅಲ್ಲಿಗೆ ಬಂದಾಗಲೆಲ್ಲ
ನನ್ನ ಬೆನ್ನು ಸೆಟೆಯುತ್ತಿತ್ತು. ಆಕೆ,
ನಡುಮನೆಯಲ್ಲಿ ಮಲಗಿದ ಕೂಸನ್ನು ಕತ್ತಲಲ್ಲಿ
ಸೀರೆಯ ನೆರಿಗೆ ತುಸು ಎತ್ತಿ ದಾಟುವಂತೆ,
ಒಮ್ಮೆ ಪಕ್ಕಕ್ಕೆ ಸರಿದು, ಒಮ್ಮೆ ಮೇಲಿಂದ ಹಾರಿ,
ಒಮ್ಮೆ ಅದರ ಹೊಸ್ತಿಲಿಗೇ ಬಂದು ನಿಂತು
ಅರೆ ಉಸಿರು ಹಿಡಿದು, ಹಿಂದಿರುಗಿ.

ಕೊನೆಯದು ನಿಧಾನದ್ದು. ಪಿಟೀಲಿನವನು ಕೈ ಇಳಿಸಿದ.
ಹುಡುಗ ಕಂಚಿನ ತಟ್ಟೆಯನ್ನು ಹಿಡಿದು ಸುಮ್ಮನಾಗಿಸಿದ.
ಆಕೆಯ ಬಲಗೈ ಒಂದೊಂದೇ ಮೆಟ್ಟಿಲು ಹತ್ತಿ
ಅಲ್ಲಿಗೆ ಬಂತು. ಇನ್ನು ಬೇರೆ ದಾರಿಯಿರಲಿಲ್ಲ,
ಮುಗಿಯಬೇಕಾದ್ದು ಅಲ್ಲೇ ಅಂತ
ಮರಗೆಲಸದವನಿಗೂ ತಿಳಿಯಿತು.
ಬೆರಳಿಟ್ಟರು.
ಒತ್ತಲಿಲ್ಲ.
ಕೇಳಿಸಿತು ಸ್ವಾಮಿ! ಮುಂದಿನ ಸಾಲಿನ ಮುದುಕರೊಬ್ಬರು
ಸರಿಯಾಗಿ ಆ ಹೊತ್ತಿಗೇ ತಲೆದೂಗಿದ್ದನ್ನ ಕಣ್ಣಾರೆ ಕಂಡೆ.

ಬೆಳಿಗ್ಗೆ ಎಂಟಕ್ಕೆ ಹೋದೆ. ಚೌಡಮ್ಮ
ಕುರ್ಚಿ ಮಡಚುತ್ತಿದ್ದಳು. ಅಂಟು ಕಲ್ಲಾಗಿತ್ತು.
ಒತ್ತಿದೆ. ಟಣ್ ಅಂತು. ಕೊರತೆಯೇನಿಲ್ಲ.
ಇನ್ನೊಮ್ಮೆ ಒತ್ತಿದೆ.
"ಸರಿಯಾಯ್ತಾ ಆಚಾರ್ರೇ?"
"ಆಯ್ತು" ಅಂದೆ.
ರಾತ್ರಿ ಕೇಳಿದಷ್ಟು ಚೆನ್ನಾಗಿಲ್ಲ ಅಂತ
ಅವಳಿಗೆ ಹೇಗೆ ಹೇಳೋದು.
ಬಿಲ್ಲಿನಲ್ಲಿ 'ಸುತ್ತಿಗೆ, ಮೂರು' ಅಂತ ಬರೆದು
ಅಂಟಿನ ಡಬ್ಬಿಯ ಮುಚ್ಚಳ ಹುಡುಕಿದೆ.